ಹದಿನೈದು ವಸ್ತು, ಒಂದೇ ಪಟ್ಟಿ: ಬದುಕುಳಿಯುವ ಸಾಮಗ್ರಿಗಳ ಆದ್ಯತೆಯನ್ನು ತಂಡವಾಗಿ ನಿರ್ಧರಿಸುವ ಬಗೆ

ನೌಕೆ ಚಂದ್ರನ ಮೇಲೆ ಕೆಟ್ಟು ನಿಂತಿದೆ. ಮಾತೃನೌಕೆ ಇರುವುದು 320 ಕಿಲೋಮೀಟರ್ ಆಚೆ. ಎರಡೂ ಬೆಳಕಿರುವ ಬದಿಯಲ್ಲೇ. ಹಾಳಾಗದೆ ಉಳಿದ 15 ವಸ್ತುಗಳಿಗೆ 1ರಿಂದ 15ರವರೆಗೆ ಕ್ರಮಾಂಕ ಕೊಡಬೇಕು. ನಾಸಾದ ಉತ್ತರಪಟ್ಟಿಯೊಂದಿಗೆ ತರಬೇತಿಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಈ ಚಟುವಟಿಕೆ ಸರಿಯಾಗಿ ನಡೆಯಬೇಕಾದರೆ, ಮೊದಲ ಹತ್ತು ನಿಮಿಷ ಯಾರೂ ಬಾಯಿಬಿಡಬಾರದು.

ಆ ಹೊತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಕ್ರಮವನ್ನು ಪೆನ್ನಿನಲ್ಲೇ ಬರೆಯಲಿ. ಪೆನ್ಸಿಲ್ ಕೊಟ್ಟರೆ ಚರ್ಚೆ ಕೇಳಿದ ಮೇಲೆ ಅಳಿಸಿ ತಿದ್ದುತ್ತಾರೆ, ಆಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ. ಮಾತಿಗೆ ಮೊದಲೇ ಅವಕಾಶ ಕೊಟ್ಟರಂತೂ ಮೊದಲು ದನಿ ಎತ್ತಿದವರ ಪಟ್ಟಿಯೇ ಎಲ್ಲರ ಪಟ್ಟಿಯಾಗುತ್ತದೆ.

ನಂತರ ಐದಾರು ಜನರ ತಂಡ, ಮೂವತ್ತು ನಿಮಿಷ. ಮೊದಲ ಐದು ನಿಮಿಷ ಪಟ್ಟಿ ಮುಟ್ಟದೆ ಎರಡು ಪ್ರಶ್ನೆ ಇತ್ಯರ್ಥ ಮಾಡಿಕೊಳ್ಳಿ. ಇಲ್ಲಿ ಜೀವಕ್ಕೆ ಮೊದಲು ಎರವಾಗುವುದು ಯಾವುದು? ಇಲ್ಲೇ ಕಾಯಬೇಕೋ, ಹೊರಡಬೇಕೋ? ಗಾಳಿಯಿಲ್ಲದೆ ನಿಮಿಷಗಳು, ನೀರಿಲ್ಲದೆ ದಿನಗಳು, ಆಹಾರವಿಲ್ಲದೆ ವಾರಗಳು ಎಂಬ ಅಂದಾಜು ಮೊದಲನೆಯದಕ್ಕೆ ಸಾಕು. ಎರಡನೆಯದನ್ನೇ ತಂಡಗಳು ಮರೆಯುವುದು. ಮರುಭೂಮಿಯ ಸನ್ನಿವೇಶದಲ್ಲಿ ರಕ್ಷಣೆಗಾಗಿ ಕಾಯುವುದಾದರೆ ಸಂಕೇತ ಕೊಡುವ ಕನ್ನಡಿ ಮೇಲೇರುತ್ತದೆ, ನಕ್ಷೆ ಕೆಳಗಿಳಿಯುತ್ತದೆ. ಚಂದ್ರನ ಮೇಲೆ ನಡೆದೇ ತೀರಬೇಕು. ಹಾಗಾಗಿ ನಾಸಾದ ಪಟ್ಟಿಯಲ್ಲಿ ಆಮ್ಲಜನಕ, ನೀರಿನ ಬೆನ್ನಿಗೇ 3ನೆಯದಾಗಿ ನಕ್ಷತ್ರ ನಕ್ಷೆ ಬರುತ್ತದೆ. ಆಹಾರ ಅದರ ನಂತರ.

ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ತುಂಬಬೇಡಿ. ಎರಡು ತುದಿಗಳನ್ನು ಮೊದಲು ಕಟ್ಟಿ, ನಡುವಿನದಕ್ಕೆ ಆಮೇಲೆ ಬನ್ನಿ. ಬೆಂಕಿ ಉರಿಯಲು ಗಾಳಿಯೇ ಇಲ್ಲದಲ್ಲಿ ಬೆಂಕಿಪೊಟ್ಟಣಕ್ಕೆ 15. ಭೂಮಿಗಿರುವಂಥ ಕಾಂತಕ್ಷೇತ್ರ ಚಂದ್ರನಿಗಿಲ್ಲ, ಆದ್ದರಿಂದ ದಿಕ್ಸೂಚಿಗೆ 14. ದಾರಿ ತಪ್ಪಿದವರಿಗೆ ದಿಕ್ಸೂಚಿ ಬೇಕೇ ಬೇಕು ಎಂಬ ಅಭ್ಯಾಸ ಎಷ್ಟು ಗಟ್ಟಿಯೆಂದರೆ ಅದನ್ನು ಮೂರನೆಯ ಸ್ಥಾನಕ್ಕೆ ತಂದು ಕೂರಿಸಿಬಿಡುತ್ತೇವೆ. ನಡುವಿನ ವಸ್ತುಗಳಿಗೆ ಹೆಸರಿನ ಬದಲು ಕೆಲಸ ನೋಡಿ. ಪ್ಯಾರಾಚೂಟ್ ಬಟ್ಟೆ ಬಿಸಿಲಿಗೆ ಮರೆ, ಅದಕ್ಕೆ 8. ನೀರೇ ಇಲ್ಲದ ಕಡೆ ರಬ್ಬರ್ ದೋಣಿಗೆ 9 ಸಿಕ್ಕಿರುವುದು ಅದನ್ನು ಉಬ್ಬಿಸುವ ಅನಿಲದ ಸೀಸೆಯಿಂದ. ಆ ಅನಿಲ ಮುಂದಕ್ಕೆ ತಳ್ಳುವ ಬಲವಾಗಬಲ್ಲದು.

ಮತ ಹಾಕುವುದು, ಸರಾಸರಿ ತೆಗೆಯುವುದು, ಚೀಟಿ ಎತ್ತುವುದು, ‘ನಿನ್ನ ಹಗ್ಗ ಒಪ್ಪುತ್ತೇನೆ, ನನ್ನ ಹಾಲಿನ ಪುಡಿ ಒಪ್ಪಿಕೋ’ ಎಂಬ ಚೌಕಾಸಿ, ಇವು ನಾಲ್ಕೂ ನಿಷಿದ್ಧ. ಐವರಲ್ಲಿ ಒಬ್ಬರಿಗೆ ಮಾತ್ರ ಕಾಂತಕ್ಷೇತ್ರದ ವಿಷಯ ಗೊತ್ತಿದ್ದರೆ ಮತದಾನ ಆ ಒಬ್ಬರನ್ನೇ ಸೋಲಿಸುತ್ತದೆ. ‘ನನ್ನ ಮೊದಲ ಆಯ್ಕೆ ಇದಲ್ಲ, ಆದರೆ ಕಾರಣ ಒಪ್ಪಿದೆ’ ಎಂದು ಪ್ರತಿಯೊಬ್ಬರೂ ಹೇಳುವಂತಾದರೆ ಅದೇ ಒಮ್ಮತ. ಸುಸ್ತಾಗಿ ‘ಆಯ್ತು ಬಿಡಿ’ ಅಂದರೆ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳದೆ ಕಾರಣ ಕೇಳಿ.

ಅಂಕ ಹಾಕುವಾಗ ಪ್ರತಿ ವಸ್ತುವಿಗೆ ನಿಮ್ಮ ಕ್ರಮಾಂಕಕ್ಕೂ ಉತ್ತರಪಟ್ಟಿಯ ಕ್ರಮಾಂಕಕ್ಕೂ ಇರುವ ವ್ಯತ್ಯಾಸ ತೆಗೆದು, ಪ್ಲಸ್ ಮೈನಸ್ ಗಣಿಸದೆ ಕೂಡಿಸಿ. ದಿಕ್ಸೂಚಿಗೆ 3 ಕೊಟ್ಟಿದ್ದರೆ ಅದೊಂದರಿಂದಲೇ 11. ಮೊತ್ತ ಕಡಿಮೆಯಿದ್ದಷ್ಟೂ ಒಳ್ಳೆಯದು: 0 ಅತ್ಯುತ್ತಮ, 112 ಅತಿ ಕೆಟ್ಟದ್ದು.

ಉದಾಹರಣೆಗೆ, ಐವರ ಅಂಕ 48, 40, 52, 30, 45, ಸರಾಸರಿ 43. ತಂಡದ್ದು 34. ಸರಾಸರಿಗಿಂತ 9 ಕಡಿಮೆಯಾಗಿದೆ, ಚರ್ಚೆ ಫಲಿಸಿದೆ. ಆದರೆ 30 ಅಂಕದವರ ತಿಳಿವಳಿಕೆ ಪೂರ್ತಿ ಬಳಕೆಯಾಗಿಲ್ಲ. ಅವರ ಹಾಳೆಯನ್ನು ತಂಡದ ಹಾಳೆಯ ಪಕ್ಕ ಇಟ್ಟು, ಅವರು ಸರಿಯಿದ್ದು ತಂಡ ತಪ್ಪಿದ ಸಾಲುಗಳಿಗೆ ಗುರುತು ಹಾಕಿ. ಪ್ರತಿ ಗುರುತಿಗೂ ಇಷ್ಟು ಕೇಳಿ: ಅವರು ಹೇಳಲೇ ಇಲ್ಲವೇ, ಹೇಳಿದಾಗ ಯಾರಿಗೂ ಕೇಳಿಸಲಿಲ್ಲವೇ, ಅಥವಾ ಕೇಳಿಸಿಯೂ ಪೆನ್ನು ಹಿಡಿದವರು ಬರೆದುಕೊಳ್ಳಲಿಲ್ಲವೇ? ಉತ್ತರ ಮೊದಲು ಆ 30 ಅಂಕದವರಿಂದ ಬರಲಿ, ಮಿಕ್ಕವರು ಅಲ್ಲಿಯವರೆಗೆ ಸುಮ್ಮನಿರಲಿ.