ಗಂಟು ಶ್ವಾಸಕೋಶಕ್ಕೆ ಹೋದ ಮೇಲೆ: ಮಗನ ಚಿಕಿತ್ಸೆಯ ನನ್ನ ಅನುಭವ

ಮಗನ ಮೊಣಕಾಲಿನ ನೋವನ್ನು ಎರಡು ತಿಂಗಳು ಹಾಕಿಯ ಪೆಟ್ಟೆಂದೇ ನಂಬಿದ್ದೆವು. ನಾನು ಎಣ್ಣೆ ಹಚ್ಚಿ ನೀವುತ್ತಿದ್ದೆ. ಮಲಗಿದರೂ ಬಿಡದ ನೋವು, ಹಗಲಿಗಿಂತ ರಾತ್ರಿ ಜಾಸ್ತಿ ಎಂದಾಗಲೇ ಎಕ್ಸ್‌ರೇ ತೆಗೆಸಬೇಕಿತ್ತು. ಇದನ್ನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಬಯಾಪ್ಸಿಯಲ್ಲಿ ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯ ಕ್ಯಾನ್ಸರ್ ಎಂದು ಬಂತು. ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶದಲ್ಲಿ ಮೂರು ಗಂಟು. ಸೋಮವಾರಪೇಟೆಯ ನೆಂಟರು ‘ಇನ್ನು ಹುಡುಗನನ್ನು ನೋಯಿಸಬೇಡಿ’ ಎಂದರು. ಬೆಂಗಳೂರಿನ ವೈದ್ಯರು ಹೇಳಿದ್ದೇ ಬೇರೆ: ಎದೆಗೆ ಹೋಗಿರುವುದೂ ಮೂಳೆಯ ಕ್ಯಾನ್ಸರೇ, ಔಷಧಿಯೂ ಅದೇ, ಕಾಲಿನದು, ಎದೆಯದು ಒಂದನ್ನೂ ಬಿಡದೆ ತೆಗೆಯಲಾದರೆ ಕೆಲವರು ಗುಣವಾಗುತ್ತಾರೆ. ಆ ‘ಕೆಲವರು’ ಎಂಬ ಮಾತನ್ನು ನಂಬಿ ಹೊರಟೆವು.

ಮೊದಲು ಕಿಮೋ. ಡಾಕ್ಸೊರುಬಿಸಿನ್ ಕೆಂಪಗಿರುತ್ತದೆ, ಮೂತ್ರವೂ ಕೆಂಪಾಗುತ್ತದೆ, ರಕ್ತವೆಂದು ಹೆದರಬಾರದು. ಸಿಸ್‌ಪ್ಲಾಟಿನ್ ಕಿವಿ ಮಂದ ಮಾಡಬಹುದು, ಅದಕ್ಕೇ ಮುಂಚೆ ಕಿವಿಯ ಪರೀಕ್ಷೆ ಮಾಡಿಸಿದರು. ನನ್ನ ನಿದ್ದೆ ಕೆಡಿಸಿದ್ದು ಮೂರನೆಯ ಔಷಧಿ, ಮೆಥೋಟ್ರೆಕ್ಸೇಟ್. ಮೂತ್ರ ಹುಳಿಯಾದರೆ ಅದು ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದಂತೆ. ಆದ್ದರಿಂದ ಸೋಡಾ ಬೆರೆಸಿದ ಡ್ರಿಪ್ ಹಗಲೂ ರಾತ್ರಿ. ಪ್ರತಿ ಸಲವೂ ಮೂತ್ರದಲ್ಲಿ ಕಾಗದದ ಪಟ್ಟಿ ಅದ್ದಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಬಣ್ಣ ನೋಡುತ್ತಿದ್ದೆ. ಹುಳಿಯ ಅಳತೆ (pH) ಏಳರ ಮೇಲಿದ್ದರೆ ಸರಿ. ಹಳದಿಗೆ ತಿರುಗಿದರೆ ಹುಳಿಯಾಗಿದೆ ಎಂದರ್ಥ, ನರ್ಸಮ್ಮನ ಬಳಿಗೆ ಓಟ. ಇಪ್ಪತ್ನಾಲ್ಕು ಗಂಟೆಯಾದ ಮೇಲೆ, ಮೆಥೋಟ್ರೆಕ್ಸೇಟಿನ ವಿಷದಿಂದ ಮೈ ಕಾಯುವ ಲ್ಯೂಕೊವೊರಿನ್ ಶುರು. ಅದರ ಒಂದು ಹೊತ್ತೂ ತಪ್ಪುವಂತಿಲ್ಲ.

ಊರಿಗೆ ಬಂದಾಗ ಜ್ವರದ ಭಯ. ಕಿಮೋದಿಂದ ಬಿಳಿ ರಕ್ತಕಣ ಇಳಿದಿರುವಾಗ 100.4 ಡಿಗ್ರಿ ದಾಟಿದರೆ ಮಾತ್ರೆ ಕೊಟ್ಟು ಕಾಯುವಂತಿಲ್ಲ, ಆಸ್ಪತ್ರೆಗೇ ಹೋಗಬೇಕು. ಆಷಾಢದ ಒಂದು ರಾತ್ರಿ ಜ್ವರ ಬಂತು, ದಾರಿಗೆ ಮರ ಬಿದ್ದಿತ್ತು. ಅಕ್ಕಪಕ್ಕದ ತೋಟದವರು ಗರಗಸ ತಂದು ಕೊಯ್ದು ಜೀಪು ದಾಟಿಸಿದರು. ಮರುವಾರವೇ ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದೆ. ಮಳೆಗಾಲದಲ್ಲಿ ಕೊಡಗಿನಿಂದ ಓಡಾಡುವವರು ಈ ಖರ್ಚಿಗೆ ಹಿಂಜರಿಯಬೇಡಿ.

ಕಾಲು ಉಳಿಯಿತು, ಕೆಟ್ಟ ಮೂಳೆ ತೆಗೆದು ಲೋಹದ ಕೀಲು ಕೂರಿಸಿದರು. ಆಮೇಲೆ ಎದೆ. ಶಸ್ತ್ರವೈದ್ಯರು ಶ್ವಾಸಕೋಶವನ್ನು ಬೆರಳಿನಿಂದ ಒತ್ತಿ ಒತ್ತಿ ಹುಡುಕಿದರಂತೆ. ಸ್ಕ್ಯಾನ್ ತೋರಿಸಿದ್ದು ಮೂರು, ಕೈಗೆ ಸಿಕ್ಕಿದ್ದು ನಾಲ್ಕು. ನಾಲ್ಕನೆಯದು ಮೆಣಸಿನ ಕಾಳಿನಷ್ಟಿತ್ತು.

ಮರುದಿನ ಮೂರು ಚೆಂಡಿನ ಉಸಿರಾಟದ ಡಬ್ಬಿ ಕೊಟ್ಟರು, ಉಸಿರು ಒಳಗೆಳೆದು ಚೆಂಡುಗಳನ್ನು ಮೇಲೇರಿಸಬೇಕು. ಹೊಲಿಗೆಯ ಮೇಲೆ ದಿಂಬು ಒತ್ತಿ ಕೂರಿಸಿದೆ. ಮೊದಲ ದಿನ ಒಂದು ಚೆಂಡೂ ಮೇಲೇಳಲಿಲ್ಲ. ಹನ್ನೊಂದನೆಯ ದಿನ ಮೂರೂ ಎದ್ದು ನಿಂತವು. ‘ಅಮ್ಮ, ಎಣಿಸು’ ಎಂದು ಅವನು ಕಣ್ಣಿನಲ್ಲೇ ಹೇಳಿದ. ನಾನು ನಾಲ್ಕರವರೆಗೆ ಎಣಿಸಿದೆ.