ತಪ್ಪು ಊರಿಗೆ ಹೋದ ಪಾರ್ಸೆಲ್ ತರಿಸಿಕೊಳ್ಳುವ ಬಗೆ

ನಮ್ಮ ವಿಜಯಪುರ (ಹಿಂದಿನ ಬಿಜಾಪುರ) ನಗರವಲ್ಲದೆ ಬೆಂಗಳೂರು ಸಮೀಪದ ದೇವನಹಳ್ಳಿ ತಾಲ್ಲೂಕಿನಲ್ಲೂ ವಿಜಯಪುರ ಎಂಬ ಊರಿರುವುದರಿಂದ, ವಿಳಾಸದಲ್ಲಿ ಊರಿನ ಹೆಸರಷ್ಟನ್ನೇ ಬರೆಯದೆ ಜಿಲ್ಲೆಯನ್ನೂ ಪಿನ್‌ಕೋಡನ್ನೂ ಸ್ಪಷ್ಟವಾಗಿ ನಮೂದಿಸಬೇಕು. ನಮ್ಮ ನಗರದ ಪಿನ್‌ಕೋಡ್ 586ರಿಂದ, ಅಲ್ಲಿನದು 562ರಿಂದ ಆರಂಭವಾಗುತ್ತದೆ. ಅವ್ವನಿಗೆಂದು ತರಿಸಿದ ಮೊಣಕಾಲು ಪಟ್ಟಿ 11 ದಿನ ತಡವಾಗಿ ಕೈಸೇರಿದಾಗ, ಡಬ್ಬಿಯ ಮೇಲಿನ ತಪ್ಪು ಪಿನ್‌ಕೋಡನ್ನು ಯಾರೋ ನೀಲಿ ಪೆನ್ನಿನಿಂದ ಹೊಡೆದುಹಾಕಿ ಪಕ್ಕದಲ್ಲಿ ನಮ್ಮದನ್ನು ಬರೆದಿದ್ದರು. ಅಷ್ಟು ದಿನವೂ ಅವ್ವ ಮೆಟ್ಟಿಲು ಹತ್ತಲಾಗದೆ ಪಡಸಾಲೆಯಲ್ಲೇ ಮಲಗಬೇಕಾಯಿತು.

ಟ್ರ್ಯಾಕಿಂಗ್‌ನಲ್ಲಿ ಬೇರೆ ಊರು ಕಂಡ ದಿನವೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಕೊರಿಯರ್‌ನವರಿಗಿಂತ ಮೊದಲು ಆರ್ಡರ್ ಪಡೆದ ಸಂಸ್ಥೆಗೆ ಲಿಖಿತ ದೂರು ಕೊಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅದರ ಕುಂದುಕೊರತೆ ಅಧಿಕಾರಿಯು 48 ಗಂಟೆಯೊಳಗೆ ದೂರಿನ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ಪಾರ್ಸೆಲ್ ಕೈಸೇರುವವರೆಗೆ ಒಟಿಪಿಯನ್ನು ಯಾರಿಗೂ ಹೇಳಬೇಡಿ. ಉತ್ತರವೇ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.