ವಿಮಾನ ಬಿಟ್ಟು ವೀಸಾ ಹಿಡಿದೆ: ನ್ಯೂಜಿಲೆಂಡ್‌ನಲ್ಲಿ ಸಿಕ್ಕಿಕೊಂಡಾಗ

2020ರ ಮಾರ್ಚ್ 23ರಂದು ನಾನು ನ್ಯೂಜಿಲೆಂಡ್‌ನ ಕ್ವೀನ್ಸ್‌ಟೌನ್‌ನಲ್ಲಿದ್ದೆ. ಕೊರೊನಾ ಕಾರಣಕ್ಕೆ ಇನ್ನು 48 ಗಂಟೆಯಲ್ಲಿ ಇಡೀ ದೇಶ ಲಾಕ್‌ಡೌನ್ ಅಂತ ಪ್ರಧಾನಿ ಜಸಿಂಡಾ ಆರ್ಡರ್ನ್ ಟಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ಭಾರತವೂ ಹೊರದೇಶದ ವಿಮಾನಗಳನ್ನು ನಿಲ್ಲಿಸಿ ಆಗಿತ್ತು. ಸದ್ಯಕ್ಕೆ ಒಂದು ವಾರ ಅಂದಿದ್ದರು. ಒಂದು ವಾರಕ್ಕೆ ಮುಗಿಯುವ ಕತೆಯಂತೆ ನನಗಂತೂ ಕಾಣಲಿಲ್ಲ.

ಹಾಸ್ಟೆಲ್‌ನಲ್ಲಿದ್ದ ಹಲವರು ಗಂಟುಮೂಟೆ ಕಟ್ಟಿ ಆಕ್ಲೆಂಡ್ ಏರ್‌ಪೋರ್ಟ್‌ಗೆ ಓಡಿದರು. ನಾನು ಹೋಗಲಿಲ್ಲ. ಅಲ್ಲಿಂದ ಭಾರತಕ್ಕೆ ನೇರ ವಿಮಾನ ಇರಲಿಲ್ಲ, ನಡುವೆ ಎಲ್ಲಾದರೂ ಇಳಿದು ಹತ್ತಲೇಬೇಕು. ಸಿಂಗಪುರ ಅವತ್ತೇ ರಾತ್ರಿಯಿಂದ ಟ್ರಾನ್ಸಿಟ್ ಬಂದ್ ಮಾಡುತ್ತಿತ್ತು. ದಾರಿಯಲ್ಲಿ ಸಿಕ್ಕಿಕೊಂಡರೆ ವೀಸಾ ಇಲ್ಲದೆ ಏರ್‌ಪೋರ್ಟ್‌ನಿಂದ ಹೊರಗೆ ಕಾಲಿಡುವ ಹಾಗಿಲ್ಲ. ನ್ಯೂಜಿಲೆಂಡ್‌ನಲ್ಲಾದರೆ ಇರೋದಕ್ಕೆ ಕಾನೂನಿನ ಒಪ್ಪಿಗೆಯಾದರೂ ಇದೆ, ಅಲ್ವಾ? ಮೊದಲು ಇರುವುದನ್ನು ಗಟ್ಟಿ ಮಾಡಿಕೊಳ್ಳೋಣ, ಹೋಗುವುದು ಆಮೇಲೆ ಅಂತ ತೀರ್ಮಾನಿಸಿದೆ.

ಬಸ್ ಓಡುತ್ತಿರುವಾಗಲೇ ಕ್ರೈಸ್ಟ್‌ಚರ್ಚ್ ಸೇರಿಕೊಂಡೆ. ಕ್ವೀನ್ಸ್‌ಟೌನ್ ಚಂದದ ಊರು, ಆದರೆ ಚಂದ ಕಟ್ಟಿಕೊಂಡು ಏನು ಮಾಡೋದು? ದೊಡ್ಡ ಆಸ್ಪತ್ರೆ, ನಡೆದುಹೋಗುವಷ್ಟು ಹತ್ತಿರ ಸೂಪರ್ ಮಾರ್ಕೆಟ್, ಏರ್‌ಪೋರ್ಟ್ ಮೂರೂ ಒಂದೇ ಊರಲ್ಲಿ ಬೇಕಿತ್ತು. ಹಾಸ್ಟೆಲ್‌ನವರ ಜೊತೆ ದಿನದ ಬಾಡಿಗೆ ಬಿಟ್ಟು ವಾರದ ಬಾಡಿಗೆ ಮಾತಾಡಿದೆ. ಖಾಲಿ ಹಾಸ್ಟೆಲ್‌ಗೆ ಅದೇ ಲಾಭ, ಚೌಕಾಸಿ ಮಾಡಲು ನಾಚಿಕೆ ಬೇಡ. 25ರ ಸಂಜೆ ಅಡುಗೆಮನೆಯಲ್ಲಿ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡವು. ಸರ್ಕಾರದ ತುರ್ತು ಸಂದೇಶ. ಸೌಟು ಹಿಡಿದವರು ಹಿಡಿದ ಹಾಗೇ ನಿಂತು ಓದಿದರು: ಈ ರಾತ್ರಿ ಎಲ್ಲಿರುತ್ತೀರೋ ಇನ್ನು ಅಲ್ಲೇ ಇರಬೇಕು.

ವೀಸಾ ವಿಷಯದಲ್ಲಿ ಅದೃಷ್ಟ ಕೈಹಿಡಿಯಿತು. ಏಪ್ರಿಲ್ 2ರಿಂದ ಜುಲೈ 9ರೊಳಗೆ ಮುಗಿಯುವ ತಾತ್ಕಾಲಿಕ ವೀಸಾಗಳನ್ನು ನ್ಯೂಜಿಲೆಂಡ್ ಸರ್ಕಾರದವರು ತಾವಾಗಿಯೇ ಸೆಪ್ಟೆಂಬರ್ 25ರವರೆಗೆ ವಿಸ್ತರಿಸಿದರು. ನನ್ನದು ಆ ಲೆಕ್ಕದಲ್ಲಿ ಬಂತು. ಆದರೂ ಸುಮ್ನೆ ಕೂರಲಿಲ್ಲ. ನನ್ನ ವೀಸಾ ಪ್ರತಿಯಲ್ಲಿ ಹಳೇ ದಿನಾಂಕವೇ ಇತ್ತು. ಚೆಕ್‌ಇನ್ ಕೌಂಟರ್‌ನಲ್ಲಿ ಕೂತವರಿಗೆ ಈ ನಿಯಮ ಗೊತ್ತಿರಬೇಕು ಅಂತೇನಿಲ್ಲ. ಇಮಿಗ್ರೇಷನ್‌ನವರ ಇಮೇಲನ್ನು ಪ್ರಿಂಟ್ ತೆಗೆಸಿ ಪಾಸ್‌ಪೋರ್ಟ್‌ನೊಳಗೆ ಇಟ್ಟುಕೊಂಡೆ. ಇನ್ಶೂರೆನ್ಸ್ ಮಾತ್ರ ನಾನೇ ಕೇಳಿ ಮುಂದುವರಿಸಬೇಕಾಯಿತು, ಅದೂ ಅವಧಿ ಮುಗಿಯುವ ಮೊದಲೇ.

ನಿಜವಾದ ತಲೆಬಿಸಿ ಬಿಪಿ ಮಾತ್ರೆಯದು. ಭಾರತದ ಬ್ರ್ಯಾಂಡ್ ಹೆಸರು ಹೇಳಿದರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ. ಕೊನೆಯ ಸ್ಟ್ರಿಪ್ ತಿರುಗಿಸಿ ನೋಡಿದೆ. ಬೆಳ್ಳಿ ಹಾಳೆಯ ಮೇಲೆ ಸಣ್ಣಕ್ಷರದಲ್ಲಿ ‘ಅಮ್ಲೋಡಿಪಿನ್ 5 ಎಂಜಿ’ ಅಂತಿತ್ತು. ಅರ್ಧ ಅಕ್ಷರ ಮಾತ್ರೆ ಒಡೆದ ಕಡೆ ಹರಿದುಹೋಗಿತ್ತು. ಅದರ ಫೋಟೋ ಕಳಿಸಿದೆ, ಡಾಕ್ಟರ್ ಫೋನಿನಲ್ಲೇ ಮಾತಾಡಿ ಚೀಟಿ ಬರೆದರು. ಆಗ ಅಲ್ಲಿ ಸಾಮಾನ್ಯವಾಗಿ ಒಂದು ತಿಂಗಳಿಗಿಂತ ಜಾಸ್ತಿ ಔಷಧಿ ಕೊಡುತ್ತಿರಲಿಲ್ಲ. ಹಾಗಾಗಿ ಹತ್ತು ಮಾತ್ರೆ ಉಳಿದಿರುವಾಗಲೇ ಮತ್ತೆ ಫೋನ್ ಮಾಡುತ್ತಿದ್ದೆ.

ಇನ್ನೊಂದು, ಯಾರೂ ಹೇಳಿಕೊಡದ ವಿಷಯ: ಭಾರತದ ಸಿಮ್ ಸಾಯಲು ಬಿಡಬೇಡಿ. ಬ್ಯಾಂಕಿನ ಓಟಿಪಿ ಬರೋದು ಅದಕ್ಕೇ. ರೀಚಾರ್ಜ್ ತಪ್ಪಿಸಬೇಡ ಅಂತ ತಮ್ಮನಿಗೆ ಹೇಳಿದ್ದೆ. ಖಾತೆಯಲ್ಲಿ ದುಡ್ಡಿದ್ದೂ ಓಟಿಪಿ ಬಾರದೆ ಪರದಾಡಿದವರನ್ನು ಅದೇ ಹಾಸ್ಟೆಲ್‌ನಲ್ಲಿ ನೋಡಿದೆ.

ವೆಲ್ಲಿಂಗ್ಟನ್‌ನ ಭಾರತೀಯ ಹೈಕಮಿಷನ್‌ನಲ್ಲಿ, ಅಂದರೆ ನಮ್ಮ ರಾಯಭಾರ ಕಚೇರಿಯಲ್ಲಿ, ಹೆಸರು ನೋಂದಾಯಿಸಿದ್ದೆ. ದಿನಾ ಇಮೇಲ್ ಹಾಕುವವರಿದ್ದರು. ನಾನು ಹೊಸದೇನಾದರೂ ಇದ್ದಾಗ ಮಾತ್ರ ಬರೆದೆ: ಪಾಸ್‌ಪೋರ್ಟ್ ಸಂಖ್ಯೆ, ವೀಸಾ ದಿನಾಂಕ, ಕಾಯಿಲೆ, ಈಗಿರುವ ಊರು. ನಾಲ್ಕೇ ಸಾಲು. ಓದುವವರೂ ಮನುಷ್ಯರೇ ಅಲ್ವಾ. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ಭಾರತ ಸರ್ಕಾರದ ವಂದೇ ಭಾರತ್ ಮಿಷನ್ ಮೇ 7ಕ್ಕೆ ಶುರುವಾದರೂ ನನಗೆ ಆಕ್ಲೆಂಡ್‌ನಿಂದ ದೆಹಲಿಗೆ ಸೀಟು ಸಿಕ್ಕಿದ್ದು ಜೂನ್‌ನಲ್ಲಿ. ಗರ್ಭಿಣಿಯರು, ವಯಸ್ಸಾದವರು, ಕಾಯಿಲೆಯವರಿಗೆ ಮೊದಲ ಆದ್ಯತೆ, ಅದು ಸರಿಯೇ. ಟಿಕೆಟ್ ದುಡ್ಡು ನಮ್ಮದೇ. ಇಳಿದ ಮೇಲೆ 7 ದಿನ ನಮ್ಮ ಖರ್ಚಿನಲ್ಲೇ ಕ್ವಾರಂಟೈನ್, ಆಮೇಲೆ 7 ದಿನ ಮನೆಯಲ್ಲಿ. ಇದಕ್ಕೆಲ್ಲ ಒಪ್ಪಿದ್ದೇನೆ ಅಂತ ಹತ್ತುವ ಮೊದಲೇ ಬರೆದುಕೊಡಬೇಕಿತ್ತು.

ಹಳೇ ರಿಟರ್ನ್ ಟಿಕೆಟ್‌ನ ಜಗಳ ಕ್ವಾರಂಟೈನ್ ಕೋಣೆಯಲ್ಲೂ ನಡೆದಿತ್ತು. ವಿಮಾನ ರದ್ದು ಮಾಡಿದ್ದು ಏರ್‌ಲೈನ್‌ನವರು, ಆದರೆ ದುಡ್ಡಿನ ಬದಲು ಮುಂದಿನ ಪ್ರಯಾಣಕ್ಕೆ ವೋಚರ್ ಕೊಡುತ್ತೇವೆ ಅಂದರು. ನಾನು ಒಪ್ಪಲಿಲ್ಲ. ರದ್ದಾದ ಇಮೇಲ್ ಲಗತ್ತಿಸಿ ಕಾರ್ಡ್ ಕೊಟ್ಟ ಬ್ಯಾಂಕಿಗೇ ದೂರು ಕೊಟ್ಟೆ. ದುಡ್ಡು ತಡವಾಗಿ ಬಂತು, ಆದರೆ ಪೂರ್ತಿ ಬಂತು.